ಪಟ್ಟಿಯಲ್ಲಿ ಹೆಸರಿಲ್ಲದ ಕಾಯಕ

(ನಾಲತವಾಡದ ಅನುಭಾವ ಗೋಷ್ಠಿಯಲ್ಲಿ ನೀಡಿದ ಆಶೀರ್ವಚನ)





ಈ ಹೊತ್ತು ನಾವು ಎತ್ತಿಕೊಂಡಿರುವ ವಿಷಯ ಪುರಾಣದ್ದಲ್ಲ, ಹೊಟ್ಟೆಯದು. ಹೊಟ್ಟೆಯ ಮಾತನ್ನು ಮಠದ ವೇದಿಕೆಯ ಮೇಲೆ ಆಡಬಹುದೇ ಎಂದು ಯಾರಿಗಾದರೂ ಸಂಶಯ ಬಂದರೆ ಅವರು ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆಯಬೇಕು. ಅನುಭವ ಮಂಟಪದಲ್ಲಿ ಕುಳಿತವರು ಯಾರು? ಬಟ್ಟೆ ಒಗೆಯುವ ಮಾಚಯ್ಯ, ಹಗ್ಗ ಹೊಸೆಯುವ ಚಂದಯ್ಯ, ಬಿದಿರು ಹೆಣೆಯುವ ಕೇತಯ್ಯ, ದೋಣಿ ನಡೆಸುವ ಚೌಡಯ್ಯ. ಅವರನ್ನು ನಾವು ಇಂದಿಗೂ ಹೇಗೆ ಕರೆಯುತ್ತೇವೆ? ಮಡಿವಾಳ ಮಾಚಯ್ಯ ಎನ್ನುತ್ತೇವೆ, ನುಲಿಯ ಚಂದಯ್ಯ ಎನ್ನುತ್ತೇವೆ, ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ ಎನ್ನುತ್ತೇವೆ. ಮನುಷ್ಯನ ಹೆಸರಿಗಿಂತ ಮುಂಚೆ ಅವನ ಕಾಯಕದ ಹೆಸರು ಬರುತ್ತದೆ. ಮಾಡುವ ಕೆಲಸವೇ ಅವರ ಗುರುತು, ಅದೇ ಅವರ ಮಾನ.

ಇವರಲ್ಲಿ ಹಲವರು ನಮ್ಮ ನೆಲದವರೇ. ಬಸವಣ್ಣನವರ ಬಾಗೇವಾಡಿ ಇಲ್ಲಿಂದ ದೂರವಿಲ್ಲ. ಮಾಚಯ್ಯನವರದು ದೇವರ ಹಿಪ್ಪರಗಿ, ಚಂದಯ್ಯನವರದು ಶಿವಣಗಿ. ಹಡಪದ ಅಪ್ಪಣ್ಣನವರ ನೆನಹನ್ನು ಹೊತ್ತ ತಂಗಡಗಿ ನಮ್ಮ ಮುದ್ದೇಬಿಹಾಳ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲೆಯೇ ಇದೆ. ಕಾಯಕಕ್ಕೆ ಹೆಸರು ಕೊಟ್ಟ ನೆಲ ಇದು. ಅದೇ ನೆಲದಿಂದ ಇಂದು ಸಾವಿರಾರು ಜನ ಹೆಂಡರು ಮಕ್ಕಳನ್ನು ಕಟ್ಟಿಕೊಂಡು ಗೋವೆಗೆ, ಮಂಗಳೂರಿಗೆ, ಪುಣೆಗೆ, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಗೌಂಡಿಯ ಕೈಕೆಳಗೆ ಕಲ್ಲು ಹೊರುತ್ತಾರೆ, ಕಬ್ಬು ಕಡಿಯುತ್ತಾರೆ, ಡಾಂಬರಿನ ರಸ್ತೆ ಹಾಕುತ್ತಾರೆ. ಅವರ ಹೆಸರು ಯಾವ ಪಟ್ಟಿಯಲ್ಲಿದೆ? ಯಾವ ಹಾಜರಿ ಪುಸ್ತಕದಲ್ಲಿದೆ? ಅವರು ಕಟ್ಟಿದ ಹತ್ತು ಅಂತಸ್ತಿನ ಮನೆಗೆ ಸರ್ಕಾರದ ದಫ್ತರಿನಲ್ಲಿ ನಂಬರಿದೆ. ಕಟ್ಟಿದವನಿಗೆ ನಂಬರಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂಬುದು ಹಿರಿಯರ ಮಾತು. ಕೈ ಕೆಸರಾಗಿರುವುದು ಕಾಣುತ್ತದೆ, ಮೊಸರು ಎಲ್ಲಿ ಹೋಯಿತು? ಇದಕ್ಕೆ ಕಾರಣಗಳನ್ನು ಹುಡುಕುವುದೇ ಇಂದಿನ ನಮ್ಮ ಚಿಂತನೆ.

ಪಂಡಿತರು ಇಂಥ ದುಡಿಮೆಗೆ ಅಸಂಘಟಿತ ವಲಯ, ಅನೌಪಚಾರಿಕ ಉದ್ಯೋಗ ಎಂದು ಹೆಸರಿಟ್ಟಿದ್ದಾರೆ. ಹೆಸರು ದೊಡ್ಡದು, ಅರ್ಥ ಸರಳ. ಕೆಲಸ ಉಂಟು, ಕೆಲಸದ ಕರಾರು ಇಲ್ಲ. ಕೂಲಿ ಉಂಟು, ಕೂಲಿಯ ಚೀಟಿ ಇಲ್ಲ. ಬಿದ್ದರೆ ಎತ್ತುವವರಿಲ್ಲ, ಮುಪ್ಪಿಗೆ ಆಸರೆ ಇಲ್ಲ. ಆಫ್ರಿಕಾ ಖಂಡದ ಘಾನಾ ದೇಶದ ಅಕ್ರಾ ಪಟ್ಟಣದಲ್ಲಿ ಬಡವರ ಬದುಕನ್ನು ನೋಡಿದ ಕೀತ್ ಹಾರ್ಟ್ ಎಂಬ ವಿದ್ವಾಂಸರು 1970ರ ದಶಕದ ಮೊದಲಲ್ಲಿ ಈ ಮಾತನ್ನು ಬಳಕೆಗೆ ತಂದರು. 1972ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಕೆನ್ಯಾ ದೇಶದ ಬಗ್ಗೆ ವರದಿ ಬರೆದಾಗ ಅದು ಲೋಕಕ್ಕೆಲ್ಲ ಹಬ್ಬಿತು. ಅವರು ಕಂಡದ್ದು ಏನು? ಪಟ್ಟಣಕ್ಕೆ ಬಂದ ಬಡವ ಕೆಲಸವಿಲ್ಲದೆ ಕುಳಿತಿಲ್ಲ, ಬೆಳಗಿನಿಂದ ರಾತ್ರಿಯ ತನಕ ದುಡಿಯುತ್ತಾನೆ. ಆದರೆ ಆ ದುಡಿಮೆ ಯಾರ ಲೆಕ್ಕಕ್ಕೂ ಸಿಕ್ಕಿಲ್ಲ. ಇದು ಬಹಳ ಮುಖ್ಯವಾದ ಮಾತು. ಸೋಮಾರಿಯಾದದ್ದರಿಂದ ಬಡವನಾದ ಎಂಬ ನಿಂದೆ ಸುಳ್ಳು. ದುಡಿದೂ ಬಡವನಾಗಿ ಉಳಿಯುವುದೇ ಇಲ್ಲಿಯ ವಿಶೇಷ.

ನಮ್ಮ ದೇಶದಲ್ಲಿ ಇಂಥವರು ಎಷ್ಟು ಜನ? 2004ರಲ್ಲಿ ಕೇಂದ್ರ ಸರ್ಕಾರ ಅರ್ಜುನ್ ಸೇನ್‌ಗುಪ್ತ ಅವರ ನೇತೃತ್ವದಲ್ಲಿ ಒಂದು ಆಯೋಗವನ್ನು ನೇಮಿಸಿತು. 2004-05ರ ಲೆಕ್ಕ ಹಿಡಿದು ಆ ಆಯೋಗ ಹೇಳಿದ್ದೇನೆಂದರೆ, ದುಡಿಯುವ ನೂರು ಜನರಲ್ಲಿ ಸುಮಾರು 92 ಜನರಿಗೆ ಯಾವ ಭದ್ರತೆಯೂ ಇಲ್ಲ. ಇನ್ನೂ ಒಂದು ಮಾತನ್ನು ಅದು ಹೇಳಿತು. ಅದಕ್ಕೆ ಹಿಂದಿನ ಐದು ವರ್ಷಗಳಲ್ಲಿ ದೊಡ್ಡ ಕಾರಖಾನೆ, ದೊಡ್ಡ ಕಂಪನಿಗಳಲ್ಲಿ ಹೆಚ್ಚಾದ ಕೆಲಸವೆಲ್ಲ ಭದ್ರತೆಯಿಲ್ಲದ ಕೆಲಸವೇ. ಅಂದರೆ ಮನೆ ದೊಡ್ಡದಾಯಿತು, ಒಳಗೆ ಕಾಲಿಟ್ಟವನಿಗೆ ಮಾತ್ರ ಸೂರು ಸಿಗಲಿಲ್ಲ.

ಹೀಗೇಕಾಯಿತು?

ಮೊದಲನೆಯ ಕಾರಣ, ಹಳೆಯ ಕಟ್ಟು ಮುರಿಯಿತು, ಹೊಸ ಕಟ್ಟು ಕಟ್ಟಲಿಲ್ಲ. ನಿಮ್ಮ ಅಜ್ಜಂದಿರ ಕಾಲದಲ್ಲಿ ಊರಲ್ಲಿ ಆಯಗಾರರಿದ್ದರು. ಬಡಿಗ ಕೂರಿಗೆ ಮಾಡಿಕೊಟ್ಟ, ಕಂಬಾರ ಕುಡ ಹಣಿದುಕೊಟ್ಟ, ಕುಂಬಾರ ಗಡಿಗೆ ಕೊಟ್ಟ. ಸುಗ್ಗಿಯಲ್ಲಿ ರಾಶಿ ಮಾಡುವಾಗ ಕಣದಲ್ಲಿಯೇ ಅವರ ಪಾಲಿನ ಜೋಳ ಅಳೆದುಕೊಡುತ್ತಿದ್ದರು. ಆ ಕಟ್ಟು ಒಳ್ಳೆಯದಾಗಿತ್ತೆಂದು ನಾವು ಹೇಳುವುದಿಲ್ಲ. ಅದರಲ್ಲಿ ಮೇಲು ಕೀಳು ಇತ್ತು, ಹುಟ್ಟಿನಿಂದ ಕೆಲಸ ಗೊತ್ತುಮಾಡುವ ಅನ್ಯಾಯವಿತ್ತು. ಶರಣರು ಅದನ್ನೇ ಅಲ್ಲಗಳೆದರು. ಆದರೆ ಬರಗಾಲ ಬಂದರೆ ಒಂದು ಹಿಡಿ ಕಾಳು ಕೇಳುವ ಬಾಗಿಲು ಯಾವುದು ಎಂಬುದು ಆಯಗಾರನಿಗೆ ಗೊತ್ತಿತ್ತು. ಕಬ್ಬಿಣದ ನೇಗಿಲು ಬಂತು, ಟ್ರ್ಯಾಕ್ಟರ ಬಂತು, ಪ್ಲಾಸ್ಟಿಕ್ ಕೊಡ ಬಂತು. ಆಯ ನಿಂತಿತು. ಬಡಿಗನ ಮಗ ಪಟ್ಟಣಕ್ಕೆ ಹೋದ. ಅಲ್ಲಿ ದಿನಗೂಲಿ ಹೆಚ್ಚು ಸಿಕ್ಕಿತು, ಬಾಗಿಲು ಸಿಗಲಿಲ್ಲ. ಹಳೆಯ ಗೋಡೆ ಬಿದ್ದ ಮೇಲೆ ಹೊಸ ಗೋಡೆ ಏಳುವ ತನಕ ಮನುಷ್ಯ ಬಯಲಿನಲ್ಲಿ ಮಲಗುತ್ತಾನೆ. ನಾವಿರುವುದು ಅಂಥ ಕಾಲದಲ್ಲಿ.

ಇದು ನಮಗೊಬ್ಬರಿಗೇ ಬಂದ ಗತಿಯಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ಅಲ್ಲಿ ಎಲ್ಲರಿಗೂ ಸರ್ಕಾರದ ಕೆಲಸವೇ ಇತ್ತು. ಕಾರಖಾನೆಗಳು ಮುಚ್ಚಿದವು, ಪಗಾರ ತಿಂಗಳುಗಟ್ಟಲೆ ನಿಂತಿತು. ಕಲಿತವರು, ಮಾಸ್ತರರು ಕೂಡ ಪಕ್ಕದ ದೇಶದಿಂದ ಚೀಲದಲ್ಲಿ ಬಟ್ಟೆಬರೆ ಹೊತ್ತು ತಂದು ಬೀದಿಯಲ್ಲಿ ಮಾರಿದರು. ಪೂರ್ವ ಯುರೋಪಿನ ಹಲವು ಕಡೆ ಮಾಲೀಕರು ಕಾಗದದಲ್ಲಿ ಸಣ್ಣ ಸಂಬಳ ಬರೆದು, ಉಳಿದದ್ದನ್ನು ಲಕೋಟೆಯಲ್ಲಿಟ್ಟು ಕೊಡುವ ರೂಢಿ ಬೆಳೆಯಿತು. ಲಕೋಟೆಯ ಹಣಕ್ಕೆ ತೆರಿಗೆ ಇಲ್ಲ, ಪಿಂಚಣಿಯೂ ಇಲ್ಲ. ಚೀನಾದಲ್ಲಿ ಹಳ್ಳಿಯಲ್ಲಿ ಹೆಸರು ದಾಖಲಾದವನು ಪಟ್ಟಣದಲ್ಲಿ ಎಷ್ಟು ವರ್ಷ ದುಡಿದರೂ ಪಟ್ಟಣದವನೆಂದು ಎಣಿಸಲ್ಪಡದ ಕಟ್ಟಳೆ 1958ರಿಂದ ಬಂದಿತು. ದಾರಿ ಬೇರೆ ಬೇರೆ, ಮುಟ್ಟಿದ ಊರು ಒಂದೇ. ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ದಾಟುವ ಹೊಳೆಯಲ್ಲಿ ಮುಳುಗುವವನು ದುಡಿಯುವವನೇ.

ಎರಡನೆಯ ಕಾರಣ ನಮ್ಮ ನೆಲ ಮತ್ತು ನೀರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಈ ನಾಲ್ಕೂ ಕಡೆ ಎರೆಭೂಮಿ ಬಹಳ. ಮಳೆ ಬಂದರೆ ಬಿಳಿಜೋಳ, ಕಡಲೆ, ಕುಸುಬೆ. ಬಾರದಿದ್ದರೆ ಬರ. ಬೆಳೆ ಬಂದರೂ ಒಕ್ಕಲುತನದ ಕೆಲಸ ವರ್ಷದಲ್ಲಿ ಕೆಲವು ತಿಂಗಳು ಮಾತ್ರ. ಉಳಿದ ತಿಂಗಳು ಹೊಟ್ಟೆ ಸುಮ್ಮನಿರುತ್ತದೆಯೇ? ಆಲಮಟ್ಟಿಯಲ್ಲಿ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅಣೆಕಟ್ಟನ್ನು ನಾಡಿಗೆ ಅರ್ಪಿಸಿದರು. ನಡುವೆ ನಲವತ್ತೆರಡು ವರ್ಷ. ಅಷ್ಟರಲ್ಲಿ ಒಂದು ತಲೆಮಾರು ನೀರಿನ ದಾರಿ ಕಾಯುತ್ತ ಗುಳೆ ಹೋಯಿತು. ನೀರು ಬಂದದ್ದು ಸಂತೋಷ. ನೀರು ಹರಿದ ಹೊಲದಲ್ಲಿ ಕೆಲಸ ಹೆಚ್ಚಿದ್ದೂ ನಿಜ. ಆದರೆ ಹಿನ್ನೀರಿನಲ್ಲಿ ಹೊಲ ಕಳೆದುಕೊಂಡವರ ಮಾತೇನು? ಪರಿಹಾರದ ಹಣ ಕೈಗೆ ಬಂತು. ಹೊಲ ಪ್ರತಿ ವರ್ಷ ಬೆಳೆ ಕೊಡುತ್ತದೆ, ಹಣ ಒಂದೇ ಸಲ ಬೆಳೆ ಕೊಟ್ಟು ಮುಗಿಯುತ್ತದೆ. ಮದುವೆ ಆಯಿತು, ಮನೆ ಆಯಿತು, ಸಾಲ ತೀರಿತು, ಹಣವೂ ತೀರಿತು. ನಿನ್ನೆ ಉತಾರದಲ್ಲಿ ಹೆಸರಿದ್ದ ಒಕ್ಕಲಿಗ ಇಂದು ಯಾವ ಕಾಗದದಲ್ಲೂ ಇಲ್ಲದ ಕೂಲಿಯಾದ.

ಮೂರನೆಯ ಕಾರಣ, ಮಾಲೀಕ ಮತ್ತು ದುಡಿಯುವವನ ನಡುವೆ ಬೆಳೆದ ಸರಪಳಿ. ಪಟ್ಟಣದಲ್ಲಿ ಮನೆ ಕಟ್ಟಿಸುವವನು ಒಬ್ಬ. ಅವನು ದೊಡ್ಡ ಗುತ್ತಿಗೆದಾರನಿಗೆ ಒಪ್ಪಿಸುತ್ತಾನೆ. ಅವನು ಸಣ್ಣ ಗುತ್ತಿಗೆದಾರನಿಗೆ, ಸಣ್ಣವನು ಮೇಸ್ತ್ರಿಗೆ. ಮೇಸ್ತ್ರಿ ನಮ್ಮ ಊರಿಗೆ ಬಂದು ಮುಂಗಡ ಕೊಟ್ಟು ಜನರನ್ನು ಕರೆದೊಯ್ಯುತ್ತಾನೆ. ಕಬ್ಬಿನ ಟೋಳಿಯಲ್ಲಿಯೂ ಹೀಗೆಯೇ, ಕಾರಖಾನೆಗೂ ಕಬ್ಬು ಕಡಿಯುವವನಿಗೂ ನಡುವೆ ಮುಕಾದಮ ಇರುತ್ತಾನೆ. ಮೇಲಿನಿಂದ ಹಣ ಇಳಿದು ಬರುವಾಗ ಪ್ರತಿ ಕೈಯಲ್ಲೂ ಒಂದಿಷ್ಟು ಉಳಿಯುತ್ತದೆ. ಕೆಳಗಿನಿಂದ ದೂರು ಏರಿ ಹೋಗುವಾಗ ಪ್ರತಿ ಕೈಯಲ್ಲೂ ಒಂದಿಷ್ಟು ಕಳೆಯುತ್ತದೆ. ಕಟ್ಟಡದ ಮೇಲಿನಿಂದ ಬಿದ್ದು ಸೊಂಟ ಮುರಿದುಕೊಂಡವನು ಯಾರನ್ನು ಕೇಳಬೇಕು? ಮಾಲೀಕ, ಇವನು ನನ್ನವನಲ್ಲ ಎನ್ನುತ್ತಾನೆ. ಮೇಸ್ತ್ರಿ, ನಾನೂ ಕೂಲಿಯವನೇ ಎನ್ನುತ್ತಾನೆ. ಇಬ್ಬರೂ ಹೇಳುವುದು ಅರ್ಧ ನಿಜ, ಬಿದ್ದವನ ಸೊಂಟ ಮಾತ್ರ ಪೂರ್ತಿ ಮುರಿದಿರುತ್ತದೆ. ಗುತ್ತಿಗೆ ಕಾರ್ಮಿಕರಿಗಾಗಿ 1970ರಲ್ಲಿ, ರಾಜ್ಯ ದಾಟಿ ಹೋಗುವ ಕಾರ್ಮಿಕರಿಗಾಗಿ 1979ರಲ್ಲಿ ಕಾಯ್ದೆಗಳಾದವು. ಅವುಗಳ ಆಶ್ರಯ ಬೇಕಾದರೆ ಪಟ್ಟಿಯಲ್ಲಿ ಹೆಸರಿರಬೇಕಿತ್ತು. ಹೆಸರನ್ನೇ ಬರೆಯದಿದ್ದರೆ ಕಾಯ್ದೆ ಯಾರನ್ನು ಕಾಯಬೇಕು?

ನಾಲ್ಕನೆಯ ಕಾರಣ, ಕಾಯ್ದೆಯ ಗೆರೆ. ಭವಿಷ್ಯನಿಧಿಯ 1952ರ ಕಾಯ್ದೆ 20 ಜನರಿದ್ದಲ್ಲಿ ಅನ್ವಯಿಸಿತು. ಕಾರಖಾನೆಗಳ 1948ರ ಕಾಯ್ದೆ ವಿದ್ಯುತ್ತಿನಿಂದ ನಡೆಯುವಲ್ಲಿ 10 ಜನರೆಂದು ಗೆರೆ ಎಳೆಯಿತು. ಸಣ್ಣವರಿಗೆ ತೊಂದರೆಯಾಗಬಾರದೆಂಬ ಉದ್ದೇಶ ಒಳ್ಳೆಯದೇ. ಆದರೆ ಮನುಷ್ಯ ಗೆರೆಯ ಈಚೆಗೇ ನಿಲ್ಲುವುದನ್ನು ಕಲಿತ. ಹತ್ತೊಂಬತ್ತು ಜನರಿದ್ದವನು ಇಪ್ಪತ್ತನೆಯವನನ್ನು ಪುಸ್ತಕದಲ್ಲಿ ಬರೆಯಲಿಲ್ಲ. ಇಲ್ಲಿ ಸಣ್ಣ ಅಂಗಡಿಕಾರನ, ಸಣ್ಣ ಉದ್ಯೋಗಿಯ ಪರವಾಗಿಯೂ ಒಂದು ಮಾತು ಹೇಳಬೇಕು. ಅವನಿಗೆ ಇಂಗ್ಲೀಷಿನ ಅರ್ಜಿ ತಿಳಿಯುವುದಿಲ್ಲ, ಕಚೇರಿಗೆ ತಿರುಗಲು ಹೊತ್ತಿಲ್ಲ, ಒಮ್ಮೆ ಹೆಸರು ಕೊಟ್ಟರೆ ಯಾರು ಯಾವಾಗ ಬಂದು ಏನು ಕೇಳುತ್ತಾರೋ ಎಂಬ ಅಂಜಿಕೆ. ಅವನದೂ ಭದ್ರತೆಯಿಲ್ಲದ ಬದುಕೇ. ಅಂಜಿಕೆಯಿಂದ ಮಾಡಿದ್ದೂ ಉಂಟು, ಆಸೆಯಿಂದ ಮಾಡಿದ್ದೂ ಉಂಟು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಐದನೆಯದು, ಸರ್ಕಾರವೇ ಹಾಕಿಕೊಟ್ಟ ಮೇಲ್ಪಂಕ್ತಿ. ಅಂಗನವಾಡಿಯ ಯೋಜನೆ 1975ರಲ್ಲಿ ಆರಂಭವಾಯಿತು. ಕೂಸುಗಳಿಗೆ ಉಣಿಸುವ, ಬಸುರಿಯರನ್ನು ವಿಚಾರಿಸುವ ಆ ತಾಯಿಯ ಕೈಗೆ ಬರುವ ಹಣಕ್ಕೆ ಸಂಬಳವೆಂದು ಹೆಸರಿಲ್ಲ, ಗೌರವಧನವೆಂದು ಹೆಸರು. ಆಶಾ ತಾಯಂದಿರದೂ ಅದೇ ಕಥೆ. ಅಂಗನವಾಡಿಯವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 2022ರಲ್ಲಿ. ಕಚೇರಿಗಳಲ್ಲಿ ಕಸ ಗುಡಿಸುವವನು, ವಾಹನ ನಡೆಸುವವನು, ಕಂಪ್ಯೂಟರಿನ ಮುಂದೆ ಕುಳಿತವನು ಎಷ್ಟೋ ಕಡೆ ಹೊರಗುತ್ತಿಗೆಯವನು. 1991ರ ಹೊಸ ಆರ್ಥಿಕ ನೀತಿಯ ನಂತರ ದೇಶದ ಸಂಪತ್ತು ಬೆಳೆಯಿತು, ಇದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಬೇಕಾದಾಗ ಕರೆಯುವ, ಬೇಡವಾದಾಗ ಕಳಿಸುವ ಕೆಲಸವೇ ಲಾಭದ್ದು ಎಂಬ ಬುದ್ಧಿಯೂ ಅದರೊಡನೆ ಬೆಳೆಯಿತು.

ಕೊನೆಯದಾಗಿ, ದುಡಿಯುವವನ ಮನಸ್ಸು. ಅವನು ಕೂಡ ಎಷ್ಟೋ ಸಲ, ನನಗೆ ಪುಸ್ತಕ ಬೇಡ, ಸಂಜೆ ರೊಕ್ಕ ಕೊಡಿರಿ ಎನ್ನುತ್ತಾನೆ. ಏಕೆ? ಭವಿಷ್ಯನಿಧಿಗೆಂದು ನೂರಕ್ಕೆ 12 ರೂಪಾಯಿ ಹಿಡಿದರೆ ಅದು ಮರಳಿ ಬರುತ್ತದೆಂಬ ನಂಬಿಕೆ ಅವನಿಗಿಲ್ಲ. ಬರುವ ವರ್ಷ ಅವನು ಬೇರೆ ಊರಲ್ಲಿರುತ್ತಾನೆ. ಇಂದಿನ ಹಸಿವು ಇದಿರಿಗೆ ನಿಂತಿರುವಾಗ ಮುಪ್ಪಿನ ಹಸಿವು ಕಾಣುವುದಿಲ್ಲ. ಹೆಣ್ಣುಮಕ್ಕಳ ದುಡಿಮೆಯಂತೂ ದುಡಿಮೆಯೆಂದೇ ಲೆಕ್ಕವಿಲ್ಲ. ಗಂಡ ಹೆಂಡತಿ ಇಬ್ಬರೂ ಕಬ್ಬು ಕಡಿದರೆ ಹಣ ಗಂಡನ ಕೈಗೆ ಬರುತ್ತದೆ, ಹೆಸರೂ ಅವನದೇ. ಗ್ರಾಮೀಣ ಉದ್ಯೋಗ ಖಾತ್ರಿಯ 2005ರ ಕಾಯ್ದೆ ಬಂದಾಗ ಎಷ್ಟೋ ತಾಯಂದಿರು ತಮ್ಮ ಹೆಸರನ್ನು ದುಡಿಮೆಯ ಕಾಗದದಲ್ಲಿ ಮೊದಲ ಸಲ ಕಂಡರು.

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಏನಾಗುತ್ತದೆ? 2020ರ ಮಾರ್ಚಿನಲ್ಲಿ ಅದನ್ನು ದೇಶವೇ ಕಂಡಿತು. 25ನೆಯ ತಾರೀಖಿನಿಂದ ಎಲ್ಲವೂ ಬಂದಾಯಿತು. ಪಟ್ಟಣ ಕಟ್ಟಿದವರು ಗಂಟುಮೂಟೆ ಹೊತ್ತು, ಕೂಸುಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದರು. ಆ ವರ್ಷದ ಸೆಪ್ಟೆಂಬರಿನಲ್ಲಿ, ದಾರಿಯಲ್ಲಿ ಎಷ್ಟು ಕಾರ್ಮಿಕರು ತೀರಿಹೋದರು ಎಂದು ಸಂಸತ್ತಿನಲ್ಲಿ ಕೇಳಿದಾಗ, ಅಂಥ ಲೆಕ್ಕವನ್ನು ಇಟ್ಟಿಲ್ಲವೆಂಬ ಉತ್ತರ ಬಂತು. ಬದುಕಿದ್ದಾಗ ಹೆಸರು ಬರೆಯದಿದ್ದರೆ ಸತ್ತಾಗ ಎಣಿಸುವುದು ಹೇಗೆ? ಇದಕ್ಕಿಂತ ದೊಡ್ಡ ಪಾಠ ಬೇಕೇ?

ಈಗ ಶರಣರ ಕಡೆಗೆ ಬರೋಣ. ಆಯ್ದಕ್ಕಿ ಮಾರಯ್ಯನವರ ಕಥೆ ನಿಮಗೆಲ್ಲ ಗೊತ್ತು. ಭಕ್ತರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ತಾಯಿ ನೋಡಿದ ಕೂಡಲೇ ತಡೆದರು. ಇದು ನಮ್ಮ ದಿನದ ಅಳತೆಯಲ್ಲ, ಹೆಚ್ಚಿನದನ್ನು ಮರಳಿ ಸುರಿದು ಬರಬೇಕೆಂದರು. ಈ ಕಥೆಯನ್ನು ನಾವು ಸಾಮಾನ್ಯವಾಗಿ ಆಸೆ ಬಿಡಬೇಕೆಂಬ ನೀತಿಗೆ ಹೇಳುತ್ತೇವೆ. ಅದು ಸರಿ. ಆದರೆ ಇನ್ನೊಂದು ಮಾತನ್ನು ಗಮನಿಸಿರಿ. ಹೆಚ್ಚಾಯಿತೆಂದು ಆ ತಾಯಿಗೆ ಗೊತ್ತಾದದ್ದು ಹೇಗೆ? ದಿನದ ಅಳತೆ ಅವರಿಗೆ ಗೊತ್ತಿತ್ತು. ಲಕ್ಕಮ್ಮ ಲೆಕ್ಕವಿಟ್ಟ ತಾಯಿ. ಕಾಯಕವೆಂದರೆ ಬರಿಯ ಬೆವರಲ್ಲ, ಅದರೊಳಗೆ ಲೆಕ್ಕವೂ ಇದೆ. ಸಲ್ಲದ್ದು ಒಳಗೆ ಬರಬಾರದು, ಸಲ್ಲಬೇಕಾದದ್ದು ತಪ್ಪಬಾರದು. ದುಡಿದವನಿಗೆ ಕೊಡದೆ ಉಳಿಸಿಕೊಂಡ ಕೂಲಿ ಯಾರ ಮನೆಯಲ್ಲಿದೆಯೋ, ಅಲ್ಲಿ ಮರಳಿ ಸುರಿಯಬೇಕಾದ ಅಕ್ಕಿ ಇದೆಯೆಂದು ತಿಳಿಯಬೇಕು.

ಕೆಲವರು ಕಾಯಕದ ತತ್ವವನ್ನು ತಲೆಕೆಳಗು ಮಾಡಿ ಹೇಳುತ್ತಾರೆ. ಕಾಯಕ ದೊಡ್ಡದು, ಆದ್ದರಿಂದ ಕೂಲಿ ಕೇಳಬೇಡ ಎನ್ನುತ್ತಾರೆ. ಇದು ಶರಣಧರ್ಮವಲ್ಲ. ಫಲದ ಆಸೆ ಬಿಡುವುದು ಮಾಡುವವನು ತನಗೆ ತಾನೇ ಹಾಕಿಕೊಳ್ಳುವ ನೇಮ. ಮಾಡಿಸಿಕೊಳ್ಳುವವನು ಇನ್ನೊಬ್ಬನ ಮೇಲೆ ಹೇರುವ ಕಟ್ಟಳೆ ಅಲ್ಲ. ಹಾಗೆಯೇ ದಾಸೋಹದ ಅನ್ನ ಕೂಲಿಗೆ ಬದಲಿಯಲ್ಲ. ಹಬ್ಬದ ದಿನ ನೂರು ಜನಕ್ಕೆ ಹುಗ್ಗಿ ಉಣಿಸಿ, ತನ್ನ ಹೊಲದ ಆಳಿಗೆ ವಾರದ ಕೂಲಿ ಬಾಕಿ ಇಟ್ಟರೆ ಆ ಹುಗ್ಗಿ ಲಿಂಗಕ್ಕೆ ಸಲ್ಲುವುದಿಲ್ಲ. ಮೊದಲು ಕೂಲಿ, ಆಮೇಲೆ ದಾಸೋಹ.

ಇನ್ನು ನಾವು ಮಾಡಬೇಕಾದದ್ದು ಏನು? ಈ ಸಭೆಯಲ್ಲಿ ದುಡಿಯುವವರೂ ಇದ್ದೀರಿ, ದುಡಿಸಿಕೊಳ್ಳುವವರೂ ಇದ್ದೀರಿ. ಇಬ್ಬರಿಗೂ ಹೇಳುತ್ತೇವೆ.

ದುಡಿಸಿಕೊಳ್ಳುವವರೇ, ನಿಮ್ಮಲ್ಲಿ ಇಬ್ಬರೇ ಆಳುಗಳಿದ್ದರೂ ಒಂದು ವಹಿ ಇಡಿರಿ. ಹೆಸರು, ದಿನ, ಕೂಲಿ, ಕೊಟ್ಟದ್ದು, ಬಾಕಿ ಇಷ್ಟು ಬರೆಯಿರಿ. ಹೆಣ್ಣಾಳಿನ ಹೆಸರನ್ನು ಬೇರೆಯಾಗಿ ಬರೆದು ಅವಳ ಹಣವನ್ನು ಅವಳ ಕೈಗೇ ಕೊಡಿರಿ. ವಾರಕ್ಕೊಮ್ಮೆ ಓದಿ ಹೇಳಿರಿ. ಇದಕ್ಕೆ ಯಾವ ಕಾಯ್ದೆಯೂ ಬೇಕಿಲ್ಲ. ಆದರೂ ಕಾಯ್ದೆಯ ಮಾತು ಹೇಳಬೇಕೆಂದರೆ, 2025ರ ನವೆಂಬರ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ದುಡಿಯುವವನಿಗೆ ನೇಮಕದ ಪತ್ರ ಕೊಡಬೇಕೆನ್ನುತ್ತವೆ. ಸರ್ಕಾರ ಹೇಳುವ ಮೊದಲೇ ಮಾಡಿದರೆ ಅದು ಧರ್ಮ, ಹೇಳಿದ ಮೇಲೆ ಮಾಡಿದರೆ ಅದು ಕಾನೂನು, ಹೇಳಿದರೂ ಮಾಡದಿದ್ದರೆ ಅದಕ್ಕೆ ಹೆಸರು ನೀವೇ ಇಟ್ಟುಕೊಳ್ಳಿರಿ.

ದುಡಿಯುವವರೇ, ಗುಳೆ ಹೋಗುವ ಮುಂಚೆ ಮೇಸ್ತ್ರಿಯ ಹೆಸರು, ಊರು, ಫೋನಿನ ಸಂಖ್ಯೆ, ಕೆಲಸದ ಜಾಗ, ಪಡೆದ ಮುಂಗಡ ಇಷ್ಟನ್ನು ಬರೆದು ಮನೆಯಲ್ಲಿ ಒಂದು ಪ್ರತಿ ಇಟ್ಟು ಹೋಗಿರಿ. ಕಟ್ಟಡ ಕೆಲಸದವರು ವರ್ಷದಲ್ಲಿ 90 ದಿನ ದುಡಿದಿದ್ದರೆ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸಬಹುದು. 1996ರ ಕಾಯ್ದೆಯಿಂದ ಬಂದ ಹಕ್ಕು ಅದು, ಯಾರೂ ಕೊಡುವ ಭಿಕ್ಷೆಯಲ್ಲ. ಕಟ್ಟಿಸುವವರಿಂದ ಅದಕ್ಕಾಗಿಯೇ ಸೆಸ್ ವಸೂಲಾಗುತ್ತದೆ. 2021ರ ಆಗಸ್ಟಿನಲ್ಲಿ ಆರಂಭವಾದ ಇ-ಶ್ರಮ್ ಪಟ್ಟಿಯಲ್ಲಿ ಈಗಾಗಲೇ 30 ಕೋಟಿಗೂ ಹೆಚ್ಚು ಜನ ಹೆಸರು ಬರೆಸಿದ್ದಾರೆ. ಹೆಸರು ಬರೆಸಿದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ, ಬರೆಸದಿದ್ದರೆ ಕೇಳುವ ಬಾಯಿಯೂ ಇರುವುದಿಲ್ಲ.

ಓದು ಬರಹ ಬಲ್ಲ ತರುಣರೇ, ನಿಮಗೆ ಒಂದು ಕಾಯಕ ಹೇಳುತ್ತೇವೆ. ನಿಮ್ಮ ಓಣಿಯಲ್ಲಿ ಗುಳೆ ಹೋಗುವ ಹತ್ತು ಮನೆಗಳ ಅರ್ಜಿ ನೀವು ತುಂಬಿಕೊಡಿರಿ, ಚಹದ ಹಣವನ್ನೂ ಕೇಳಬೇಡಿರಿ. ಗುಳೆ ಹೋಗುವವರ ಮಕ್ಕಳು ಶಾಲೆ ಬಿಟ್ಟು ಹೋಗದಂತೆ ಅಜ್ಜ ಅಜ್ಜಿಯ ಹತ್ತಿರವೋ ವಸತಿ ಶಾಲೆಯಲ್ಲೋ ಉಳಿಯುವಂತೆ ನೋಡಿಕೊಳ್ಳಿರಿ. ಅಪ್ಪನ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ, ಮಗನ ಹೆಸರು ಶಾಲೆಯ ಹಾಜರಿಯಲ್ಲಾದರೂ ಇರಲಿ. ಆ ಹೆಸರು ಅಲ್ಲಿಂದ ಹರಿದರೆ ಇದೇ ಸರಪಳಿ ಇನ್ನೊಂದು ತಲೆಮಾರಿಗೆ ಸುತ್ತಿಕೊಳ್ಳುತ್ತದೆ.

ಕಲ್ಯಾಣದಲ್ಲಿ ಶರಣರು ದುಡಿಯುವವನನ್ನು ಅವನ ಕಾಯಕದ ಹೆಸರಿನಿಂದ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಅವರ ಹೆಸರು ಹೇಳಿಕೊಳ್ಳುವ ನಾವು ಕಡೆಗೆ ಅವನ ಹೆಸರನ್ನಾದರೂ ಒಂದು ವಹಿಯಲ್ಲಿ ಬರೆಯೋಣ. ಆ ಬುದ್ಧಿಯನ್ನು ಬಸವಾದಿ ಪ್ರಮಥರು ನಿಮಗೂ ನಮಗೂ ಕರುಣಿಸಲಿ.